ಬಿಯರ್: ಶೀತದಿಂದ ತಿಳಿಗೊಳಿಸುವ ಕ್ರಮದ ಇತಿಹಾಸ

ಹುದುಗುವಿಕೆ ಮುಗಿದ ಬಿಯರನ್ನು ಬಾಟಲಿಗೆ ತುಂಬುವ ಮೊದಲು ಒಂದರಿಂದ ಮೂರು ದಿನ 0ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ತೇಲಾಡುವ ಯೀಸ್ಟನ್ನೂ ಪ್ರೋಟೀನ್ ಕಣಗಳನ್ನೂ ತಳಕ್ಕಿಳಿಸುವ ಕ್ರಮ. ಮನೆಯಲ್ಲಿ ಬಿಯರ್ ತಯಾರಿಸುವವರು ಇದನ್ನು ‘ಕೋಲ್ಡ್ ಕ್ರ್ಯಾಶ್’ ಎನ್ನುತ್ತಾರೆ. ಹೆಸರು ಹೊಸದು, ಅನುಭವ ಬವೇರಿಯದ ನೆಲಮಾಳಿಗೆಗಳಷ್ಟು ಹಳೆಯದು.

ಅಲ್ಲಿ ಚಳಿಯನ್ನು ಅರಸಿದ್ದು ಬಿಯರ್ ಹುಳಿಯಾಗದಿರಲೆಂದು. ಬೇಸಿಗೆಯಲ್ಲಿ ಮಾಡಿದ ಬಿಯರ್ ಬೇಗ ಕೆಡುತ್ತಿದ್ದುದರಿಂದ 1553ರಲ್ಲಿ ಡ್ಯೂಕ್ ಐದನೆಯ ಆಲ್ಬ್ರೆಕ್ಟ್ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ತಯಾರಿಕೆಯನ್ನೇ ನಿಷೇಧಿಸಿದ. ಹಾಗಾಗಿ ವಸಂತದಲ್ಲಿ ಮಾಡಿದ್ದು ಬೇಸಿಗೆ ದಾಟಬೇಕಿತ್ತು. ಬ್ರೂವರಿಗಳವರು ನೆಲಮಾಳಿಗೆ ತೋಡಿ, ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದ ಮಂಜುಗಡ್ಡೆ ತುಂಬಿ, ಮೇಲಿನ ನೆಲ ಕಾಯದಿರಲೆಂದು ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಮ್ಯೂನಿಕ್‌ನ ಬಿಯರ್ ತೋಟಗಳು ಹುಟ್ಟಿದ್ದು ಆ ಮರಗಳ ನೆರಳಿನಲ್ಲೇ. ಕೂಡಿಡುವುದು ಎಂಬ ಅರ್ಥದ ಜರ್ಮನ್ ಕ್ರಿಯಾಪದದಿಂದ ‘ಲಾಗರ್’ ಎಂಬ ಹೆಸರು ಬಂತು. ತಿಂಗಳುಗಟ್ಟಲೆ ಚಳಿಯಲ್ಲಿದ್ದ ಪೀಪಾಯಿಗಳಲ್ಲಿ ಬಗ್ಗಡ ತಾನಾಗಿ ತಳ ಸೇರುತ್ತಿತ್ತು. ತಿಳಿತನ ಕೇಳದೆ ಬಂದ ಲಾಭ.

ಮಣ್ಣಿನ ಮಗ್ಗಿನಲ್ಲಿ ಕುಡಿಯುವವರೆಗೆ ಆ ಲಾಭ ಕಣ್ಣಿಗೆ ಬೀಳುವಂತಿರಲಿಲ್ಲ. 1842ರಲ್ಲಿ ಬೊಹೀಮಿಯದ ಪಿಲ್ಸೆನ್‌ನಲ್ಲಿ ಬವೇರಿಯದ ಯೋಸೆಫ್ ಗ್ರೋಲ್ ತಿಳಿಬಂಗಾರದ ಲಾಗರ್ ಮಾಡಿದಾಗ, ಗಾಜಿನ ಲೋಟಗಳೂ ಜನರ ಕೈಗೆಟುಕತೊಡಗಿದ್ದವು. ಬಿಯರ್ ಎಂದರೆ ಆಚೆ ಬದಿ ಕಾಣಬೇಕು ಎಂಬ ನಿರೀಕ್ಷೆ ಬೆಳೆದದ್ದು ಈ ಎರಡೂ ಸೇರಿದ್ದರಿಂದಲೇ ಎನ್ನಬೇಕು.

ಮಂಜುಗಡ್ಡೆಯ ಹಂಗು ಹರಿದವರು ಮ್ಯೂನಿಕ್‌ನ ಪ್ರಾಧ್ಯಾಪಕ ಕಾರ್ಲ್ ಫಾನ್ ಲಿಂಡೆ. ಶ್ಪಾಟನ್ ಬ್ರೂವರಿಯ ಗಾಬ್ರಿಯೆಲ್ ಸೆಡ್ಲ್‌ಮಾಯರ್ 1870ರ ದಶಕದಲ್ಲಿ ಅವರ ಶೀತಲಯಂತ್ರದ ಪ್ರಯೋಗಕ್ಕೆ ಎಡೆ ಕೊಟ್ಟರು. 1876ರ ಹೊತ್ತಿಗೆ ಅಮೋನಿಯದಿಂದ ನಡೆಯುವ ಯಂತ್ರ ಸಿದ್ಧವಾಯಿತು. ಇಂದಿನ ಮನೆಯ ಫ್ರಿಜ್ಜೂ ಇದೇ ವಂಶದ್ದು; ಅನಿಲವನ್ನು ಒತ್ತಿ ದ್ರವವಾಗಿಸಿ, ಮತ್ತೆ ಆವಿಯಾಗಲು ಬಿಟ್ಟು ಶಾಖ ಹೀರಿಸುವ ತತ್ತ್ವ ಎರಡರಲ್ಲೂ ಒಂದೇ.

ಆ ಫ್ರಿಜ್ಜು ಬಿಯರಿನ ಕೆಲಸಕ್ಕೆ ಬಂದದ್ದು ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸದೊಂದಿಗೆ. ಬ್ರಿಟನ್ 1963ರಲ್ಲಿ ಮನೆಬಿಯರಿಗೆ ಲೈಸೆನ್ಸ್ ಬೇಕೆಂಬ ನಿಯಮವನ್ನು ಕೈಬಿಟ್ಟಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆ ಮನೆಬಳಕೆಯ ಬಿಯರನ್ನು ತೆರಿಗೆಯಿಂದ ಮುಕ್ತಗೊಳಿಸಿತು. ಹವ್ಯಾಸ ಹರಡಿದಂತೆ ಹಳೆಯ ಫ್ರಿಜ್ಜಿಗೆ ತಾಪ ನಿಯಂತ್ರಕ ಜೋಡಿಸಿ, ಇಪ್ಪತ್ತು ಲೀಟರಿನ ಪಾತ್ರೆಯನ್ನೇ ಒಳಗಿಡುವ ರೂಢಿ ಬಂತು. ನೆಲಮಾಳಿಗೆಯಲ್ಲಿ ಚಳಿಯ ಮುಖ್ಯ ಕೆಲಸ ಕಾಪಾಡುವುದಾಗಿತ್ತು. ಇಲ್ಲಿ ಅದು ತಿಳಿಗೊಳಿಸುವುದಷ್ಟೇ, ಅದೂ ಎರಡು ದಿನದಲ್ಲಿ.

ಸಕ್ಕರೆ ತೀರಿದ ಮೇಲೆ ಯೀಸ್ಟ್ ಕೋಶಗಳು ಕ್ಯಾಲ್ಸಿಯಂನ ನೆರವಿನಿಂದ ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ. ಸ್ಟೋಕ್ಸ್ ನಿಯಮದಂತೆ ಕಣದ ವ್ಯಾಸ ಇಮ್ಮಡಿಯಾದರೆ ಮುಳುಗುವ ವೇಗ ನಾಲ್ಕು ಪಟ್ಟು. ಚಳಿಗೆ ಯೀಸ್ಟಿನ ಚಟುವಟಿಕೆ ನಿಂತು, ಗುಳ್ಳೆಗಳ ಕಲಕಾಟವೂ ಅಡಗುತ್ತದೆ. ಮಾಲ್ಟಿನ ಪ್ರೋಟೀನುಗಳು ಪಾಲಿಫಿನಾಲುಗಳೊಡನೆ ಕೂಡಿ ಮಬ್ಬು ಕಟ್ಟುವುದು ತಂಪಿನಲ್ಲೇ. ಆ ಮಬ್ಬು ಬಿಯರ್ ಬೆಚ್ಚಗಾದರೆ ಮತ್ತೆ ಕರಗುತ್ತದೆ. ಆದ್ದರಿಂದ ತಳದ ಗಷ್ಟನ್ನು ಬಿಟ್ಟು ಮೇಲಿನ ತಿಳಿಯನ್ನು ತಣ್ಣಗಿರುವಾಗಲೇ ಬಸಿಯುವುದು ಮೇಲು.

ಹುದುಗುವಿಕೆ ಪೂರ್ತಿಯಾಗದೆ ತಣಿಸಿದರೆ ಉಳಿದ ಸಕ್ಕರೆ ಬಾಟಲಿಯೊಳಗೆ ಹುದುಗಿ ಬಾಟಲಿ ಒಡೆಯಬಹುದು. ತಣಿದ ಪಾತ್ರೆಯೊಳಗಿನ ಅನಿಲ ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆಮ್ಲಜನಕ ಸೋಕಿದ ಬಿಯರಿಗೆ ನೆನೆದ ರಟ್ಟಿನ ವಾಸನೆ ಬರುತ್ತದೆ. ಅದಕ್ಕೇ ಕೆಲವರು ಇಂಗಾಲದ ಡೈಆಕ್ಸೈಡ್ ತುಂಬಿದ ಬಲೂನನ್ನು ಪಾತ್ರೆಯ ಬಾಯಿಗೆ ಕಟ್ಟುತ್ತಾರೆ. ಕಣ್ಣಿಗೆ ತಿಳಿಯಾದ ಬಿಯರಿನಲ್ಲೂ ಬಾಟಲಿಯಲ್ಲಿ ನೊರೆ ಹುಟ್ಟಿಸಲು ಸಾಲುವಷ್ಟು ಯೀಸ್ಟ್ ಉಳಿದಿರುತ್ತದೆ.

ಗೋಧಿ ಬಿಯರಿಗೆ ಸಾಮಾನ್ಯವಾಗಿ ಈ ಕ್ರಮ ಹಚ್ಚುವುದಿಲ್ಲ. ಬವೇರಿಯದಲ್ಲಿ ಅದರ ತಳದ ಯೀಸ್ಟನ್ನೂ ಅಲುಗಾಡಿಸಿ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಾರೆ.