ತೆರೆ ಮೇಲಿನ ಚುಕ್ಕಿ ಯಾರದ್ದು?

2025ರ ಮೇ ತಿಂಗಳ ಆ ನಾಲ್ಕು ರಾತ್ರಿ ನೆನಪಿದೆಯಲ್ಲ? ಆಪರೇಷನ್ ಸಿಂಧೂರ. ಸ್ಟುಡಿಯೋದಲ್ಲಿ ನನ್ನ ಬೆನ್ನ ಹಿಂದಿನ ಗೋಡೆ ತುಂಬ ಗ್ರಾಫಿಕ್ಸ್. ಕೆಂಪು ಬಾಣ ಬರುತ್ತೆ, ನೀಲಿ ಬಾಣ ಹೋಗುತ್ತೆ, ಢಮಾರ್! ಜೊತೆಗೆ ಸೈರನ್. ಕೊನೆಗೆ ಆ ಸೈರನ್ ಸದ್ದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ ಅಂತ ಕೇಂದ್ರ ಸರ್ಕಾರವೇ ಸುದ್ದಿವಾಹಿನಿಗಳಿಗೆ ಹೇಳಬೇಕಾಯ್ತು. ಸರ್ಕಾರಕ್ಕಿಂತ ಮೊದಲು ನನಗೆ ಹೇಳಿದ್ದು ಕೊಡ್ಲಿಪೇಟೆಯ ನನ್ನ ಸೋದರಮಾವ.

ಮಾವ ಸೇನೆಯ ವಾಯು ರಕ್ಷಣಾ ಪಡೆಯಲ್ಲಿ ಎಲ್-70 ತೋಪಿನ ಹಿಂದೆ ಕೂತಿದ್ದವರು. ಈಗ ಕಾಫಿ, ಮೆಣಸು, ಒಂದಿಷ್ಟು ಗದ್ದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. "ಏನಪ್ಪಾ, ನಿನ್ನ ಟಿವೀಲಿ ಹಾರೋದೆಲ್ಲ ಶತ್ರುವೇನಾ? ನಮ್ಮೋರ ವಿಮಾನ ಒಂದೂ ಹಾರಲ್ವಾ?"

ನಾನು ಎಂಜಿನಿಯರಿಂಗ್ ಓದಿದವನು. ಸಿಮ್ಯುಲೇಷನ್ ಅಂದ್ರೆ ಏನು ಅಂತ ಲ್ಯಾಬ್‌ನಲ್ಲಿ ಕಲಿತವನು. ಆದ್ರೂ ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಕದನ ವಿರಾಮ ಆದಮೇಲೆ ಊರಿಗೆ ಹೋದೆ. ಜಗಲಿ ಮೇಲೆ ಕೂತು ಮಾವ ಹೇಳಿದ್ದಿಷ್ಟು: ಒಡಿಶಾದ ಗೋಪಾಲಪುರದ ತರಬೇತಿಯಲ್ಲಿ ಬೆವರಿಳಿಸಿದ್ದು ಗುರಿ ಇಡೋದಲ್ಲ, ಗುರುತು ಹಿಡಿಯೋದು. ಕಪ್ಪು ನೆರಳಿನ ಚಿತ್ರ ಕ್ಷಣಮಾತ್ರ ತೋರಿಸಿ, ಯಾರದ್ದು ಹೇಳು ಅಂತಿದ್ರಂತೆ. "ಹೊಡಿ ಅನ್ನೋದಕ್ಕಿಂತ ಹೊಡೀಬೇಡ ಅನ್ನೋ ಆರ್ಡರೇ ಜಾಸ್ತಿ ಬರ್ತಿತ್ತು."

ಬೆಂಗಳೂರಿಗೆ ವಾಪಸ್ ಬಂದು ಇದರ ಇತಿಹಾಸ ಓದೋಕೆ ಶುರು ಮಾಡಿದೆ. ಮಾವನ ಮಾತು ಅಲ್ಲೂ ಸಿಕ್ತು.

1936ಕ್ಕೆ ಹೋಗೋಣ. ಲಂಡನ್ ಪಕ್ಕದ ಬಿಗಿನ್ ಹಿಲ್ ವಾಯುನೆಲೆ. ರೇಡಾರ್ ಆಗಿನ್ನೂ ಗುಟ್ಟಿನಲ್ಲಿ ಬೆಳೀತಿದ್ದ ಕೂಸು. ಆದರೆ ವಿಜ್ಞಾನಿ ಹೆನ್ರಿ ಟಿಜಾರ್ಡ್ ಕಾಯಲಿಲ್ಲ. ನಮ್ಮದೇ ವಿಮಾನಗಳು ಶತ್ರು ಬಾಂಬರ್ ಆಗಲಿ, ಅವು ಎಲ್ಲಿವೆ ಅಂತ ರೇಡಿಯೋ ಮೂಲಕ ತಿಳ್ಕೊಂಡು, ರೇಡಾರ್ ಹೇಳಿತು ಅನ್ನೋ ಹಾಗೆ ನಿಯಂತ್ರಣ ಕೊಠಡಿಗೆ ಕೊಡೋಣ, ಆ ಮಾಹಿತಿ ಇಟ್ಕೊಂಡು ಫೈಟರ್‌ಗಳನ್ನು ಸರಿಯಾದ ಜಾಗಕ್ಕೆ ಕಳಿಸೋಕೆ ಆಗುತ್ತಾ ನೋಡೋಣ ಅಂದರು. ಕಂಪ್ಯೂಟರ್ ಇಲ್ಲ, ಸಾಫ್ಟ್‌ವೇರ್ ಇಲ್ಲ. ಇರೋದು ನಕ್ಷೆ, ಪೆನ್ಸಿಲ್, ಫೋನು. ನಾಲ್ಕು ವರ್ಷದ ನಂತರ ಜರ್ಮನ್ನರು ನಿಜವಾಗಿಯೂ ಬಂದಾಗ ಬ್ರಿಟನ್ ಉಳಿದಿದ್ದರಲ್ಲಿ ಈ ನಾಟಕದ ಪಾಲು ದೊಡ್ಡದು.

ಎರಡನೇ ಕಥೆ ನನಗೆ ಇನ್ನೂ ಇಷ್ಟ. 1952, ಅಮೆರಿಕದ ಸಾಂತಾ ಮೋನಿಕಾ. ರಾಂಡ್ ಸಂಸ್ಥೆಯವರು ಒಂದು ಬಿಲಿಯರ್ಡ್ಸ್ ಅಡ್ಡೆಯ ಹಿಂದಿನ ಕೋಣೆಯಲ್ಲಿ ನಕಲಿ ವಾಯು ರಕ್ಷಣಾ ಕೇಂದ್ರ ಕಟ್ಟಿದರು. ಒಳಗೆ ಕೂರಿಸಿದ್ದು ಯಾರನ್ನ ಗೊತ್ತಾ? ಕಾಲೇಜು ಹುಡುಗರನ್ನ! ರೇಡಾರ್ ತೆರೆ ಇರಲಿಲ್ಲ. ಅಲೆನ್ ನ್ಯೂವೆಲ್ ಅನ್ನೋ ತರುಣ ಐಬಿಎಂ ಯಂತ್ರದಿಂದ ವಿಮಾನಗಳ ಚುಕ್ಕಿಗಳನ್ನು ಕಾಗದದ ಮೇಲೆ ಮುದ್ರಿಸಿ ಕೊಡ್ತಿದ್ದ. (ಕೃತಕ ಬುದ್ಧಿಮತ್ತೆಯ ಪಿತಾಮಹರಲ್ಲಿ ಒಬ್ಬ ಅಂತ ಇವತ್ತು ಓದ್ತೀವಲ್ಲ, ಅದೇ ನ್ಯೂವೆಲ್.) ಹುಡುಗರು ಎಷ್ಟು ಬೇಗ ಪಳಗಿದರು ಅಂದ್ರೆ, ವಿಮಾನಗಳ ಸಂಖ್ಯೆ ಏರಿಸುತ್ತಾ ಹೋದರೂ ಅವರು ಜಗ್ಗಲಿಲ್ಲ. ಕಾರಣ ಗಮನಿಸಿ. ಯಾವ ಚುಕ್ಕಿಯನ್ನು ಬಿಟ್ಟುಬಿಡಬೇಕು ಅನ್ನೋದನ್ನ ಅವರು ಕಲಿತಿದ್ದರು. ಪ್ರತಿ ಆಟ ಮುಗಿದ ಮೇಲೆ ಏನಾಯ್ತು ಅಂತ ತಿಳಿಸೋರು, ಅವರವರೇ ಕೂತು ಮಾತಾಡ್ಕೊಳ್ಳೋರು. ಅಮೆರಿಕದ ವಾಯುಪಡೆ ಅದೇ ವಿಧಾನವನ್ನು ತನ್ನ ಕೇಂದ್ರಗಳಿಗೆ ಹಬ್ಬಿಸಿತು.

ಆಟ ಯಾವುದು, ನಿಜ ಯಾವುದು ಅಂತ ಗೊತ್ತಾಗದಿದ್ರೆ? ಅದೂ ಆಗಿದೆ. 1979ರ ನವೆಂಬರ್ 9. ಅಭ್ಯಾಸಕ್ಕೆ ಅಂತ ಬರೆದಿದ್ದ ದಾಳಿಯ ಸನ್ನಿವೇಶ ಅಮೆರಿಕದ ಅಸಲಿ ಎಚ್ಚರಿಕೆ ವ್ಯವಸ್ಥೆಯೊಳಗೆ ನುಗ್ಗಿಬಿಟ್ಟಿತು. ಸೋವಿಯತ್ ಕ್ಷಿಪಣಿಗಳು ಬರ್ತಿವೆ ಅಂತ ತೆರೆ ಹೇಳಿತು, ಫೈಟರ್‌ಗಳು ಮೇಲೇರಿದವು. ಉಪಗ್ರಹ, ರೇಡಾರ್‌ಗಳನ್ನು ಕೇಳಿದರೆ ಆಕಾಶ ಖಾಲಿ. ಆಮೇಲೆ ಪರೀಕ್ಷೆಗೆ ಅಂತಲೇ ಪ್ರತ್ಯೇಕ ಕೇಂದ್ರ ಕಟ್ಟಿದರು.

ಆ ಸಲ ಯಾರೂ ಸಾಯಲಿಲ್ಲ. 1988ರ ಜುಲೈ 3ರಂದು ಹಾಗಾಗಲಿಲ್ಲ. ಪರ್ಷಿಯನ್ ಕೊಲ್ಲಿಯಲ್ಲಿದ್ದ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್, ಇರಾನ್ ಏರ್‌ನ ಪ್ರಯಾಣಿಕ ವಿಮಾನವನ್ನು ಹೊಡೆದು ಹಾಕಿತು. 290 ಜನ. ಅವರಲ್ಲಿ 66 ಮಕ್ಕಳು. ನೌಕೆಯಲ್ಲಿದ್ದದ್ದು ಆ ಕಾಲದ ಅತ್ಯಾಧುನಿಕ ಈಜಿಸ್ ವ್ಯವಸ್ಥೆ. ವಿಮಾನ ಮೇಲೇರ್ತಿದೆ ಅಂತ ಯಂತ್ರ ಸರಿಯಾಗಿಯೇ ದಾಖಲಿಸಿತ್ತು. ತೆರೆ ಮುಂದೆ ಕೂತವರು ಕೂಗಿದ್ದು ಕೆಳಗಿಳೀತಿದೆ, ನಮ್ಮ ಮೇಲೇ ಬರ್ತಿದೆ ಅಂತ! ಒತ್ತಡದಲ್ಲಿ ಅವರು ಮನಸ್ಸಿನೊಳಗೆ ಮೊದಲೇ ಬರೆದಿಟ್ಟಿದ್ದ ಸನ್ನಿವೇಶಕ್ಕೆ ಕಣ್ಣೆದುರಿನ ಅಂಕಿಗಳನ್ನು ಹೊಂದಿಸಿಕೊಂಡರು ಎಂದು ತನಿಖೆ ಹೇಳಿತು. ನನ್ನ ಅನುಮಾನ ಇಷ್ಟೇ: ಅಭ್ಯಾಸದ ತೆರೆಯಲ್ಲಿ ಬರೋದೆಲ್ಲ ಶತ್ರುವೇ ಆಗಿದ್ರೆ, ನಿಜವಾದ ತೆರೆಯಲ್ಲೂ ಕಣ್ಣು ಶತ್ರುವನ್ನೇ ಹುಡುಕುತ್ತೆ.

ಇದು ಅಮೆರಿಕದವರ ಕಥೆ ಅಂತ ಚಾನೆಲ್ ಬದಲಾಯಿಸಬೇಡಿ. 2019ರ ಫೆಬ್ರವರಿ 27. ಬಾಲಾಕೋಟ್ ದಾಳಿಯ ಮರುದಿನ. ಗಡಿಯಲ್ಲಿ ವಿಮಾನಗಳ ಕಾಳಗ ನಡೀತಿತ್ತು. ಅದೇ ಹೊತ್ತಿಗೆ ಶ್ರೀನಗರದ ಪಕ್ಕ ಬಡ್ಗಾಮ್‌ನಲ್ಲಿ ನಮ್ಮ ಎಂಐ-17 ಹೆಲಿಕಾಪ್ಟರ್ ಬಿತ್ತು. ಬೀಳಿಸಿದ್ದು ನಮ್ಮದೇ ಕ್ಷಿಪಣಿ. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ದೊಡ್ಡ ತಪ್ಪು ಅಂತ ಅಕ್ಟೋಬರ್‌ನಲ್ಲಿ ವಾಯುಪಡೆ ಮುಖ್ಯಸ್ಥ ಭದೌರಿಯಾ ಒಪ್ಪಿಕೊಂಡರು. ಆ ದಿನ ನಾವು ಟಿವಿಯವರು ಏನು ತೋರಿಸ್ತಿದ್ವಿ? ಕೆಂಪು ಬಾಣ, ನೀಲಿ ಬಾಣ.

ಯೋಜನೆಗೂ ಈ ಸಾಫ್ಟ್‌ವೇರ್ ಬೇಕೇ ಬೇಕು. ಕೊಡ್ಲಿಪೇಟೆಯಿಂದ ಶನಿವಾರಸಂತೆ ಕಡೆ ಹೋಗುವಾಗ ಗುಡ್ಡದ ಮರೆಗೆ ಬಂದ ತಕ್ಷಣ ಫೋನ್ ಸಿಗ್ನಲ್ ಸಾಯುತ್ತಲ್ಲ, ರೇಡಾರ್ ಕಿರಣಕ್ಕೂ ಅದೇ ಗತಿ. ಗುಡ್ಡದ ನೆರಳಲ್ಲಿ ತಗ್ಗಾಗಿ ಹಾರುವ ವಿಮಾನ ಅದಕ್ಕೆ ಕಾಣಲ್ಲ. ಹಾಗಾಗಿ ನೆಲದ ಏರಿಳಿತ, ರೇಡಾರ್‌ನ ವ್ಯಾಪ್ತಿ, ಕ್ಷಿಪಣಿಗಳ ಸಂಖ್ಯೆ, ಮತ್ತೆ ತುಂಬಲು ಹಿಡಿಯುವ ಸಮಯ ಎಲ್ಲವನ್ನೂ ಕಂಪ್ಯೂಟರ್‌ಗೆ ಕೊಟ್ಟು, ಒಂದೇ ದಾಳಿಯನ್ನು ಸಾವಿರಾರು ಸಲ ಆಡಿಸಿ, ಎಲ್ಲಿ ತೂತಿದೆ ನೋಡ್ತಾರೆ. ಆದರೆ ತುಂಬಿಸದೇ ಬಿಟ್ಟದ್ದನ್ನು ಕಂಪ್ಯೂಟರ್ ತಾನಾಗೇ ತೋರಿಸಲ್ಲ.

ಈ ಕೆಲಸದ ಒಂದು ಪಾಲು ನಡೆಯೋದು ನಮ್ಮ ಬೆಂಗಳೂರಿನಲ್ಲೇ. ತೋಪಿನವರ ಅಭ್ಯಾಸಕ್ಕೆ ಗುರಿಯಾಗಿ ಹಾರುವ ಪೈಲಟ್‌ರಹಿತ ಲಕ್ಷ್ಯ ಇಲ್ಲಿನ ಎಡಿಇ ಪ್ರಯೋಗಾಲಯದ್ದು. ವಾಯುಪಡೆಯ ರೇಡಾರ್‌ಗಳ ಜೊತೆ ನಾಗರಿಕ ರೇಡಾರ್‌ಗಳ ಮಾಹಿತಿಯನ್ನೂ ಸೇರಿಸಿ ಒಂದೇ ಚಿತ್ರ ಕೊಡುವ ಐಎಸಿಸಿಎಸ್ ಜಾಲ ಬಿಇಎಲ್‌ನದ್ದು. ಮೇ ತಿಂಗಳಲ್ಲಿ ಡ್ರೋನ್‌ಗಳನ್ನು ತಡೆದಾಗ ದೇಶವೇ ಹೊಗಳಿದ ವ್ಯವಸ್ಥೆ ಅದು. ನಮ್ಮೋರು ಯಾರು ಅಂತ ತೋರಿಸೋ ಕೆಲಸವೂ ಅದರದ್ದೇ. ಅದರ ಬಗ್ಗೆ ನಾವು ಒಂದು ಪ್ಯಾನೆಲ್ ಚರ್ಚೆಯನ್ನೂ ಮಾಡಲಿಲ್ಲ.

ಮಾವನ ಎಲ್-70ಗಳೂ ಆ ರಾತ್ರಿಗಳಲ್ಲಿ ಕೆಲಸ ಮಾಡಿದವು. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಹೊರಡುವಾಗ ಕಾಳುಮೆಣಸಿನ ಪೊಟ್ಟಣ ಕೈಗಿಟ್ಟು, ಬಡ್ಗಾಮ್ ಹುಡುಗರ ವಯಸ್ಸೆಷ್ಟು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ.

ಮೊನ್ನೆ ಗ್ರಾಫಿಕ್ಸ್ ಹುಡುಗನಿಗೆ ಹೇಳಿದೆ, ಮುಂದಿನ ಸಲ ಆ ನಕ್ಷೆಯಲ್ಲಿ ಒಂದು ಬಿಳಿ ವಿಮಾನ ಹಾಕು, ಪ್ರಯಾಣಿಕರದ್ದು. "ಸಾರ್, ನೋಡೋರಿಗೆ ಕನ್ಫ್ಯೂಸ್ ಆಗುತ್ತೆ" ಅಂದ. ಆಗಲಿ, ಹಾಕು ಅಂದೆ.