ಸಂಶೋಧನಾ ಟಿಪ್ಪಣಿಗಳ ನಿರ್ವಹಣೆ: ಮಹಾಪ್ರಬಂಧಕ್ಕೆ ನೆರವಾಗುವ ತಂತ್ರಾಂಶಗಳು

ಪಿಎಚ್.ಡಿ. ಮುಗಿಯುವ ಹೊತ್ತಿಗೆ ಸಂಶೋಧಕರ ಬಳಿ ನೂರಾರು ಆಕರಗಳು ಸೇರಿರುತ್ತವೆ. ಪುಸ್ತಕ, ಲೇಖನ, ಶಾಸನಪಾಠ, ಹಸ್ತಪ್ರತಿಯ ಫೋಟೋ, ಕ್ಷೇತ್ರಕಾರ್ಯದ ಧ್ವನಿಮುದ್ರಣ ಎಲ್ಲವೂ ಅದರಲ್ಲಿರುತ್ತವೆ. ಬರೆಯಲು ಕೂತಾಗ ಮಾತು ನೆನಪಿಗೆ ಬರುತ್ತದೆ, ಅದು ಯಾವ ಪುಸ್ತಕದ ಎಷ್ಟನೇ ಪುಟದ್ದೆಂಬುದು ಬರುವುದಿಲ್ಲ. ಟಿಪ್ಪಣಿಯನ್ನು ಅದರ ಆಕರದಿಂದ ಬೇರೆಯಾಗಲು ಬಿಡದಿರುವುದೇ ಒಳ್ಳೆಯ ತಂತ್ರಾಂಶದ ಮುಖ್ಯ ಕೆಲಸ. ಈ ಲೇಖನದಲ್ಲಿ ತಂತ್ರಾಂಶಗಳನ್ನು ಅಳೆದಿರುವುದೂ ಇದೇ ಗುಣದಿಂದ.

ಚೀಟಿಗಳ ಕಾಲ

ಕಂಪ್ಯೂಟರ್ ಬರುವ ಮೊದಲು ಈ ಕೆಲಸವನ್ನು ಚೀಟಿಗಳು ಮಾಡುತ್ತಿದ್ದವು. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಸುಮಾರು 90,000 ಚೀಟಿಗಳನ್ನು ಬರೆದಿಟ್ಟಿದ್ದರು. ಪ್ರತಿ ಚೀಟಿಗೂ ಒಂದು ಸಂಖ್ಯೆ ಇತ್ತು, ಒಂದು ಚೀಟಿ ಇನ್ನೊಂದರ ಸಂಖ್ಯೆಯನ್ನು ಸೂಚಿಸುತ್ತಿತ್ತು. ಅವರ ಈ ಸಂಗ್ರಹ ಈಗ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ವಶದಲ್ಲಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಸಿದ್ಧವಾದದ್ದೂ ಕಾವ್ಯ, ಶಾಸನಗಳಲ್ಲಿನ ಪದಪ್ರಯೋಗಗಳನ್ನು ಚೀಟಿಗಳಿಗೆ ಇಳಿಸಿಕೊಂಡೇ. ಚೀಟಿಯಲ್ಲಿ ಪ್ರಯೋಗದ ಜೊತೆಗೆ ಕೃತಿಯ ಹೆಸರೂ ಪದ್ಯದ ಸಂಖ್ಯೆಯೂ ಇದ್ದರೆ ಮಾತ್ರ ಅದಕ್ಕೆ ಬೆಲೆ. ಇಂದಿನ ತಂತ್ರಾಂಶಗಳು ಆ ಶಿಸ್ತನ್ನೇ ಮುಂದುವರಿಸುತ್ತವೆ, ಹುಡುಕುವ ಶ್ರಮವನ್ನು ಕಡಿಮೆ ಮಾಡುತ್ತವೆ.

ಜೊಟೆರೊ: ಆರಂಭಕ್ಕೆ ಸೂಕ್ತ

ಹೊಸಬರಿಗೆ ಮೊದಲು ಸೂಚಿಸಬಹುದಾದದ್ದು ಜೊಟೆರೊ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರ 2006ರಲ್ಲಿ ಇದನ್ನು ಬಿಡುಗಡೆ ಮಾಡಿತು. ಇದು ಮುಕ್ತ ತಂತ್ರಾಂಶ, ಬಳಕೆಗೆ ಹಣ ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಬ್ರೌಸರಿನಲ್ಲಿ ಒಂದು ಲೇಖನ ತೆರೆದಿರುವಾಗ ಜೊಟೆರೊ ಗುಂಡಿ ಒತ್ತಿದರೆ ಲೇಖಕ, ಶೀರ್ಷಿಕೆ, ಪತ್ರಿಕೆ, ವರ್ಷದ ವಿವರಗಳು ಸಂಗ್ರಹಕ್ಕೆ ಸೇರುತ್ತವೆ. ಪಿಡಿಎಫ್ ಸಿಗುವಂತಿದ್ದರೆ ಅದೂ ಜೊತೆಗೆ ಬರುತ್ತದೆ. 2022ರ ಆರನೇ ಆವೃತ್ತಿಯಿಂದ ಪಿಡಿಎಫ್ ಓದುವ ಸೌಲಭ್ಯ ಒಳಗೇ ಇದೆ. ಓದುತ್ತಾ ಗೆರೆ ಎಳೆದ ಸಾಲುಗಳನ್ನೆಲ್ಲ ಒಂದೇ ಆಜ್ಞೆಯಿಂದ ಟಿಪ್ಪಣಿಯಾಗಿ ಇಳಿಸಿಕೊಳ್ಳಬಹುದು. ಹಾಗೆ ಇಳಿದ ಪ್ರತಿ ಸಾಲಿನ ಪಕ್ಕದಲ್ಲೂ ಲೇಖಕರ ಹೆಸರು, ಪುಟಸಂಖ್ಯೆ ಇರುತ್ತದೆ. ಆ ಉಲ್ಲೇಖವನ್ನು ಹಿಡಿದು ಮೂಲ ಪಿಡಿಎಫ್‌ನ ಅದೇ ಪುಟಕ್ಕೆ ಮರಳಬಹುದು.

ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್‌ಗಳಲ್ಲಿ ಬರೆಯುವಾಗ ಜೊಟೆರೊ ಅಡಿಟಿಪ್ಪಣಿಯನ್ನು ಸೇರಿಸುತ್ತದೆ, ಕೊನೆಯಲ್ಲಿ ಗ್ರಂಥಸೂಚಿಯನ್ನೂ ಸಿದ್ಧಪಡಿಸುತ್ತದೆ. ಮಾರ್ಗದರ್ಶಕರು ಎಪಿಎ ಬದಲು ಎಂಎಲ್‌ಎ ಶೈಲಿ ಬೇಕೆಂದರೆ ಒಂದೊಂದಾಗಿ ತಿದ್ದುವ ಅಗತ್ಯವಿಲ್ಲ, ಶೈಲಿಯ ಹೆಸರು ಬದಲಿಸಿದರೆ ಸಾಕು.

ಕನ್ನಡದ ಆಕರಗಳಿಗೆ ಬೇಕಾದ ಎಚ್ಚರ

ಹಳೆಯ ಕನ್ನಡ ಪುಸ್ತಕಗಳ ವಿವರ ಅಂತರಜಾಲದ ಸೂಚಿಗಳಲ್ಲಿ ಸಿಗುವುದು ಅಪರೂಪ. ಅವುಗಳನ್ನು ಕೈಯಾರೆ ತುಂಬಬೇಕು. ಹಾಗೆ ತುಂಬುವಾಗ ಹೆಸರಿನ ಕಡೆ ಗಮನವಿರಲಿ. ಜೊಟೆರೊ ಹೆಸರಿಗೆ ಎರಡು ಖಾನೆ ಕೊಡುತ್ತದೆ. ಎಂ.ಎಂ. ಕಲಬುರ್ಗಿ ಎಂಬ ಹೆಸರು ಎರಡರಲ್ಲೂ ಸರಿಯಾಗಿ ಕೂರುತ್ತದೆ. ಕುವೆಂಪು ಎಂಬ ಕಾವ್ಯನಾಮಕ್ಕಾಗಲಿ, ಒಂದು ಸಂಸ್ಥೆಯ ಹೆಸರಿಗಾಗಲಿ ಎರಡು ಖಾನೆ ಹೊಂದುವುದಿಲ್ಲ. ಹೆಸರಿನ ಪಕ್ಕದ ಪುಟ್ಟ ಗುಂಡಿಯಿಂದ ಒಂದೇ ಖಾನೆಗೆ ಬದಲಾಯಿಸಿಕೊಂಡರೆ ಗ್ರಂಥಸೂಚಿಯಲ್ಲಿ ಹೆಸರು ತುಂಡಾಗದು.

ಹಸ್ತಪ್ರತಿ, ಸಂದರ್ಶನ, ಪತ್ರಿಕಾ ವರದಿ, ಅಪ್ರಕಟಿತ ಪ್ರಬಂಧಗಳಿಗೆ ಜೊಟೆರೊದಲ್ಲಿ ಬೇರೆಬೇರೆ ನಮೂನೆಗಳಿವೆ. ಜನಪದ ಸಂಶೋಧಕರು ಹಾಡಿದವರ ಹೆಸರು, ಊರು, ದಾಖಲಿಸಿದ ದಿನಾಂಕವನ್ನು ಸಂದರ್ಶನದ ನಮೂನೆಯಲ್ಲಿ ಅಂದೇ ತುಂಬಿಡುವುದು ಲೇಸು.

ಇನ್ನೊಂದು ತೊಡಕು ಅಕ್ಷರ ಸಂಕೇತದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ರೋಮನ್ ಅಕ್ಷರಗಳ ಸಾಲು. ‘ವಚನ’ ಎಂದು ಹುಡುಕಿದರೆ ಅದರಲ್ಲಿ ಏನೂ ಸಿಗುವುದಿಲ್ಲ. ಟಿಪ್ಪಣಿಗಳನ್ನು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಬೇಕು. ಹಳೆಯ ಕಡತಗಳಿದ್ದರೆ ಉಚಿತವಾಗಿ ಸಿಗುವ ಪರಿವರ್ತಕಗಳಿಂದ ಬದಲಾಯಿಸಿಕೊಳ್ಳಬಹುದು. ಅಂಥ ಫಾಂಟಿನ ಪಿಡಿಎಫ್‌ನಲ್ಲಿ ಗೆರೆ ಎಳೆದ ಸಾಲು ಟಿಪ್ಪಣಿಗೆ ಬರುವಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆಗ ಆ ಭಾಗವನ್ನು ಚಿತ್ರವಾಗಿ ಆಯ್ದು, ಕೆಳಗೆ ಮುಖ್ಯ ಪದಗಳನ್ನು ಬೆರಳಚ್ಚು ಮಾಡಿದರೆ ಹುಡುಕಾಟಕ್ಕೆ ಸಿಗುತ್ತದೆ. ಸ್ಕ್ಯಾನ್ ಮಾಡಿದ ಪುಟಗಳನ್ನು ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಹೊರಬರುತ್ತದೆ. ಅದನ್ನು ಮೂಲದೊಂದಿಗೆ ಹೋಲಿಸಿ ತಿದ್ದದೆ ಬಳಸಬಾರದು.

ಉಳಿದ ತಂತ್ರಾಂಶಗಳು

ಮೆಂಡಲೆ ಜೊಟೆರೊದಂಥದೇ ಇನ್ನೊಂದು ತಂತ್ರಾಂಶ. 2013ರಲ್ಲಿ ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಇದನ್ನು ಕೊಂಡಿತು. ಉಚಿತವಾಗಿ ಸಿಗುತ್ತದೆ, ವಿಜ್ಞಾನ ವಿಭಾಗಗಳಲ್ಲಿ ಬಳಕೆ ಹೆಚ್ಚು. ಎಂಡ್‌ನೋಟ್‌ಗೆ ಹಣ ಕೊಡಬೇಕು. ವಿಶ್ವವಿದ್ಯಾಲಯವೇ ಪರವಾನಗಿ ಕೊಟ್ಟಿದ್ದರೆ ಮಾತ್ರ ಅದನ್ನು ಯೋಚಿಸಬಹುದು. ಲೇಟೆಕ್‌ನಲ್ಲಿ ಪ್ರಬಂಧ ಬರೆಯುವ ಗಣಿತ, ಭೌತಶಾಸ್ತ್ರದವರಿಗೆ ಜಾಬ್‌ರೆಫ್ ಹೊಂದುತ್ತದೆ.

ವಿಚಾರಗಳ ನಡುವಿನ ಕೊಂಡಿ ಮುಖ್ಯವಾದಾಗ ಅಬ್ಸಿಡಿಯನ್ ಉಪಯುಕ್ತ. ಒಂದು ಟಿಪ್ಪಣಿಯಲ್ಲಿ ಇನ್ನೊಂದರ ಹೆಸರನ್ನು ಜೋಡಿ ಚೌಕ ಕಂಸದೊಳಗೆ ಬರೆದರೆ ಎರಡಕ್ಕೂ ಸಂಪರ್ಕ ಏರ್ಪಡುತ್ತದೆ, ಲೂಮನ್ ಚೀಟಿಗಳಲ್ಲಿ ಇದ್ದದ್ದೂ ಈ ಸಂಪರ್ಕವೇ. ಟಿಪ್ಪಣಿಗಳು ಸರಳ ಪಠ್ಯ ಕಡತಗಳಾಗಿ ನಮ್ಮ ಕಂಪ್ಯೂಟರಿನಲ್ಲೇ ಇರುವುದರಿಂದ ನಾಳೆ ಈ ತಂತ್ರಾಂಶ ನಿಂತುಹೋದರೂ ಅವು ತೆರೆದುಕೊಳ್ಳುತ್ತವೆ.

ಪತ್ರಾಗಾರದಲ್ಲಿ ಕಡತಗಳ, ಓಲೆಗರಿಗಳ ಸಾವಿರಾರು ಫೋಟೋ ತೆಗೆಯುವವರಿಗೆ ಟ್ರೋಪಿ ಇದೆ. ಇದೂ ಉಚಿತ. ಹಲವು ಫೋಟೋಗಳನ್ನು ಒಂದು ದಾಖಲೆಯಾಗಿ ಕೂಡಿಸಿ, ಕಟ್ಟಿನ ಸಂಖ್ಯೆ, ದಿನಾಂಕ, ಪಠ್ಯವನ್ನು ಅದರ ಜೊತೆಗೇ ಬರೆದಿಡಬಹುದು.

ಟಿಪ್ಪಣಿ ಬರೆಯುವ ಕ್ರಮ

ತಂತ್ರಾಂಶ ಯಾವುದಾದರೂ ಟಿಪ್ಪಣಿಯಲ್ಲಿ ಮೂರು ಬಗೆಯನ್ನು ಬೇರ್ಪಡಿಸಬೇಕು: ಮೂಲದ ಮಾತು, ಅದರ ಸಾರಾಂಶ, ಸಂಶೋಧಕರ ಸ್ವಂತ ಆಲೋಚನೆ. ಮೊದಲನೆಯದಕ್ಕೆ ಉದ್ಧರಣ ಚಿಹ್ನೆ, ಎರಡನೆಯದಕ್ಕೂ ಪುಟಸಂಖ್ಯೆ, ಮೂರನೆಯದಕ್ಕೆ ‘ನನ್ನದು’ ಎಂಬಂಥ ಒಂದು ಗುರುತು ಕಡ್ಡಾಯ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ, ಅದಕ್ಕಿಂತ ಹೆಚ್ಚಾದರೆ ಹಂತಹಂತವಾಗಿ ಕ್ರಮಗಳಿವೆ. ಸರಿಯಾಗಿ ಆಕರ ಸೂಚಿಸಿದ ಉದ್ಧರಣೆ ಈ ಲೆಕ್ಕಕ್ಕೆ ಬರುವುದಿಲ್ಲ. ಉದ್ಧರಣ ಚಿಹ್ನೆ ಮರೆತ ಟಿಪ್ಪಣಿ ವರ್ಷಗಳ ನಂತರ ಸ್ವಂತ ವಾಕ್ಯವೆಂದು ಪ್ರಬಂಧದೊಳಗೆ ಸೇರಿಬಿಟ್ಟರೆ ಪ್ರಾಮಾಣಿಕರೂ ಆರೋಪ ಹೊರಬೇಕಾಗುತ್ತದೆ.

ಟ್ಯಾಗುಗಳು ಹತ್ತಿಪ್ಪತ್ತಕ್ಕೆ ಮೀರದಿರಲಿ. ಅಧ್ಯಾಯಗಳ ಹೆಸರನ್ನೇ ಫೋಲ್ಡರುಗಳಿಗೆ ಇಟ್ಟರೆ ಬರೆಯುವಾಗ ಅನುಕೂಲ. ಜೊಟೆರೊದಲ್ಲಿ ಒಂದೇ ಪುಸ್ತಕವನ್ನು ನಕಲು ಮಾಡದೆ ಹಲವು ಫೋಲ್ಡರುಗಳಲ್ಲಿ ಇಡಬಹುದು.

ಬ್ಯಾಕಪ್

ಜೊಟೆರೊ ಖಾತೆ ತೆರೆದರೆ ಆಕರಗಳ ವಿವರ, ಟಿಪ್ಪಣಿಗಳು ಮಿತಿಯಿಲ್ಲದೆ ಅದರ ಸರ್ವರಿನಲ್ಲೂ ಉಳಿಯುತ್ತವೆ. ಪಿಡಿಎಫ್‌ನಂಥ ಕಡತಗಳಿಗೆ ಉಚಿತ ಮಿತಿ 300 ಎಂಬಿ. ಇದೊಂದನ್ನೇ ನೆಚ್ಚಿಕೊಳ್ಳದೆ ತಿಂಗಳಿಗೊಮ್ಮೆಯಾದರೂ ಜೊಟೆರೊ ಮುಚ್ಚಿ, ಅದರ ಇಡೀ ಫೋಲ್ಡರನ್ನು ಬೇರೆ ಹಾರ್ಡ್‌ಡಿಸ್ಕಿಗೆ ನಕಲು ಮಾಡಬೇಕು. ಚಾಲ್ತಿಯಲ್ಲಿರುವ ಜೊಟೆರೊ ಫೋಲ್ಡರನ್ನು ಗೂಗಲ್ ಡ್ರೈವ್ ಅಥವಾ ಡ್ರಾಪ್‌ಬಾಕ್ಸ್ ಒಳಗೆ ಇಡಬಾರದು, ದತ್ತಕೋಶ ಕೆಡುವ ಅಪಾಯವಿದೆ.

ಯಾವುದನ್ನು ಆರಿಸಬೇಕು?

ಬಹುಪಾಲು ಸಂಶೋಧಕರಿಗೆ ಜೊಟೆರೊ ಒಂದೇ ಸಾಕು. ಆಲೋಚನೆಗಳನ್ನು ಬೆಳೆಸಲು ಜಾಗ ಬೇಕೆನಿಸಿದಾಗ ಅಬ್ಸಿಡಿಯನ್, ಫೋಟೋಗಳು ಹೆಚ್ಚಾದಾಗ ಟ್ರೋಪಿ ಸೇರಿಸಿಕೊಳ್ಳಿ. ಎಲ್ಲ ತಂತ್ರಾಂಶಗಳನ್ನೂ ಪರೀಕ್ಷಿಸುತ್ತಾ ಓದಿನ ಸಮಯ ಕಳೆಯಬೇಡಿ. ನೋಂದಣಿಯಾದ ವಾರದಲ್ಲೇ ಒಂದನ್ನು ಅಳವಡಿಸಿಕೊಂಡು, ಇಂದು ಓದಿದ ಪುಸ್ತಕದ ವಿವರವನ್ನು ಪುಟಸಂಖ್ಯೆ ಸಮೇತ ಇಂದೇ ದಾಖಲಿಸಿ.