ಕುಳ್ಳಗಿದ್ದರೆ ಆಟಕ್ಕಿಲ್ಲವೇ? ಅಳತೆಪಟ್ಟಿಗಿಂತ ಮೊದಲು ಆಟ ನೋಡಿ

ಮಾಂಬಳ್ಳಿಯಲ್ಲಿರುವ ನಮ್ಮಕ್ಕನ ಮಗ ಹೈಸ್ಕೂಲಿನ ವಾಲಿಬಾಲ್ ತಂಡದ ಆಯ್ಕೆಗೆ ಹೋದವನು ಅರ್ಧ ಗಂಟೆಯಲ್ಲೇ ವಾಪಸ್ ಬಂದ. ಚೆಂಡು ಮುಟ್ಟೋಕೂ ಬಿಡಲಿಲ್ಲವಂತೆ. ಸಾಲಾಗಿ ನಿಲ್ಲಿಸಿ, ಎತ್ತರ ನೋಡಿ ಕಳಿಸಿದರಂತೆ. "ಮಾವ, ಕುಳ್ಳಗಿರೋರು ದೊಡ್ಡ ಆಟಗಾರರಾಗಕ್ಕೆ ಆಗಲ್ವಾ?" ಅಂದ. ಬರೀ ಸಮಾಧಾನ ಹೇಳಿ ಏನು ಪ್ರಯೋಜನ? ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮವರೇ ಕೊಟ್ಟ ಉತ್ತರ

ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಐದೂವರೆ ಅಡಿಯೂ ಇರಲಿಲ್ಲ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. 1975ರಲ್ಲಿ ಚೆನ್ನೈನಲ್ಲಿ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಬೆಂಕಿಯಂಥ ವೇಗದಲ್ಲಿ ಎಸೆಯುತ್ತಿದ್ದಾಗ ಭಾರತದ 190 ರನ್‌ಗಳಲ್ಲಿ ಇವರೊಬ್ಬರದೇ ಅಜೇಯ 97. ಒಟ್ಟು 91 ಟೆಸ್ಟ್, 6,080 ರನ್, 14 ಶತಕ. ಎತ್ತರದ ಕೊರತೆಯನ್ನು ಮಣಿಕಟ್ಟು, ಕಾಲಿನ ಚಲನೆ ಮತ್ತು ಹೆಸರುವಾಸಿಯಾದ ಸ್ಕ್ವೇರ್ ಕಟ್ ತುಂಬಿದವು.

ಮೈಗೆ ಮೈ ತಾಗುವ ಆಟದಲ್ಲಿ?

"ಕ್ರಿಕೆಟ್ ಬಿಡಿ ಮಾವ, ಅಲ್ಲಿ ಯಾರೂ ಗುದ್ದಲ್ಲ" ಅಂದ ಹುಡುಗ. ಸರಿ, ಐಸ್ ಹಾಕಿ ತಗೊಳ್ಳೋಣ. ಮಂಜುಗಡ್ಡೆಯ ಮೇಲೆ ದೈತ್ಯರು ಡಿಕ್ಕಿ ಹೊಡೆಯುವ ಆಟ ಅದು. ಕೆನಡಾದ ಮಾರ್ಟಿನ್ ಸೇಂಟ್ ಲೂಯಿಸ್ ಸುಮಾರು ಐದಡಿ ಎಂಟು ಇಂಚು. ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಎನ್‌ಎಚ್‌ಎಲ್‌ನ ಒಂದು ತಂಡವೂ ಅವರನ್ನು ಕರೆಯಲಿಲ್ಲ. 2004ರಲ್ಲಿ ಅದೇ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರದು, ಸ್ಟ್ಯಾನ್ಲಿ ಕಪ್ ಅವರ ತಂಡದ್ದು. ಮರುವರ್ಷ, 2005ರಿಂದ, ಎದುರಾಳಿಯನ್ನು ಕೋಲಿನಿಂದ ಎಳೆದು ಹಿಡಿಯುವುದಕ್ಕೆ ಲೀಗ್ ಬಿಗಿಯಾಗಿ ದಂಡ ಹಾಕತೊಡಗಿತು. ಚುರುಕಾದ ಸಣ್ಣ ಆಟಗಾರರ ದಾರಿ ಇನ್ನಷ್ಟು ಸಲೀಸಾಯಿತು.

ಹಾಗಾದರೆ ವಾಲಿಬಾಲ್?

ಇಲ್ಲಿ ಸುಳ್ಳು ಹೇಳಬಾರದು. ಪುರುಷರ ಪಂದ್ಯದಲ್ಲಿ ನೆಟ್ 2.43 ಮೀಟರ್ ಎತ್ತರ. ಸ್ಮ್ಯಾಶ್ ಹೊಡೆಯುವವನಿಗೆ, ಬ್ಲಾಕ್ ಮಾಡುವವನಿಗೆ ಎತ್ತರ ಬೇಕೇ ಬೇಕು. ಆದರೆ 1998ರಲ್ಲಿ ಅಂತಾರಾಷ್ಟ್ರೀಯ ವಾಲಿಬಾಲ್‌ಗೆ 'ಲಿಬೆರೊ' ಎಂಬ ಜಾಗ ಬಂತು. ಬೇರೆ ಬಣ್ಣದ ಜೆರ್ಸಿ ತೊಟ್ಟ ಈ ಆಟಗಾರ ಹಿಂದಿನ ಸಾಲಿನಲ್ಲಷ್ಟೇ ಆಡಬೇಕು, ಬ್ಲಾಕ್ ಮಾಡುವಂತಿಲ್ಲ. ಎದುರಿನವರ ಸರ್ವ್, ಸ್ಮ್ಯಾಶ್ ಎತ್ತಿ ಕೊಡುವುದೇ ಅವನ ಕೆಲಸ. ನೆಲಕ್ಕೆ ಬಗ್ಗಿ ಓಡಾಡುವ ಈ ಜಾಗದಲ್ಲಿ ಕುಳ್ಳಗಿರುವುದು ಕೊರತೆಯೇ ಅಲ್ಲ.

ಇನ್ನೊಂದು ಮಾತು: ಗಂಡುಹುಡುಗರು ಒಂದೇ ವಯಸ್ಸಿಗೆ ಬೆಳೆಯುವುದಿಲ್ಲ. ಹದಿಮೂರಕ್ಕೆ ಚಿಗುರುವವರೂ ಉಂಟು, ಹದಿನಾರಕ್ಕೆ ಚಿಗುರುವವರೂ ಉಂಟು. ಎಂಟನೇ ಕ್ಲಾಸಿನಲ್ಲಿ ಅಳೆದು ಕಳಿಸಿದರೆ, ನಾವು ತಿರಸ್ಕರಿಸಿದ್ದು ಆಟವನ್ನಲ್ಲ, ತಡವಾಗಿ ಬಂದ ಬೆಳವಣಿಗೆಯನ್ನು.

ಕುಳ್ಳಗಿರುವವರೆಲ್ಲ ವಿಶ್ವನಾಥ್ ಆಗುವುದಿಲ್ಲ, ಉದ್ದಗಿರುವವರೂ ಆಗುವುದಿಲ್ಲ. ನಾನು ಕೇಳುವುದು ಇಷ್ಟೇ: ಮೊದಲು ಹತ್ತು ಚೆಂಡು ಆಡಿಸಿ, ಆಮೇಲೆ ಅಳೆಯಿರಿ. ಹುಡುಗನಿಗೂ ಹೇಳಿದ್ದೇನೆ, "ಸೋಮವಾರ ಮೇಷ್ಟ್ರ ಹತ್ರ ಹೋಗಿ, 'ಸಾರ್, ಲಿಬೆರೊ ಜಾಗಕ್ಕೆ ಒಂದ್ಸಲ ನೋಡಿ' ಅಂತ ಕೇಳ್ಲಾ." ಹೋಗ್ತೀನಿ ಅಂದಿದ್ದಾನೆ.